ಪಹಣಿ ಇಲ್ಲದವರ ಪಾಲು ಎಲ್ಲಿದೆ?

ಯಾವ ಹೊಸ ಯೋಜನೆ ಬಂದರೂ, ಯಾರಾದರೂ ಪರ್ಯಾಯ, ಸುಸ್ಥಿರ, ಸಾವಯವ ಅಂತ ಮಾತು ಶುರು ಮಾಡಿದರೂ ನಾನು ಈಗೀಗ ಒಂದೇ ಪ್ರಶ್ನೆ ಕೇಳುತ್ತೇನೆ. ಪಹಣಿ, ಅಂದರೆ ತಮ್ಮ ಹೆಸರಲ್ಲಿ ಜಮೀನಿನ ದಾಖಲೆ, ಇಲ್ಲದವರಿಗೆ ಇದರಲ್ಲಿ ಏನಿದೆ? ಕೇಳಿದ ತಕ್ಷಣ ಸಭೆಗೆ ಸ್ವಲ್ಪ ಮುಜುಗರ ಆಗುತ್ತದೆ. ಒಬ್ಬರು ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಇನ್ನೊಬ್ಬರು 'ಹೌದೌದು, ಅದನ್ನೂ ನೋಡಬೇಕು' ಅಂತಾರೆ. ಆಮೇಲೆ ಎಲ್ಲರೂ ಡ್ರಿಪ್ ಸಬ್ಸಿಡಿ ವಿಷಯಕ್ಕೆ ವಾಪಸ್ ಹೋಗುತ್ತಾರೆ.

ನನ್ನ ಹೆಸರಲ್ಲಿ ಪಹಣಿ ಇದೆ. ಚಿಂತಾಮಣಿ ತಾಲ್ಲೂಕಿನಲ್ಲಿ ಸ್ವಲ್ಪ ಖುಷ್ಕಿ ಜಮೀನು, ಅಷ್ಟೇ. ಆದರೆ ಆ ಕಾಗದ ಒಂದಿದ್ದರೆ ಎಷ್ಟು ಬಾಗಿಲು ತೆರೆಯುತ್ತವೆ ನೋಡಿ. ಸೊಸೈಟಿ ಸಾಲ, ಬೆಳೆ ವಿಮೆ, ವರ್ಷಕ್ಕೆ 6,000 ರೂಪಾಯಿ ಪಿಎಂ ಕಿಸಾನ್, ರಾಗಿ ಖರೀದಿ ಕೇಂದ್ರ, ಬರ ಬಂದರೆ ಪರಿಹಾರ. ಪಂಪ್‌ಸೆಟ್ ಇದ್ದರೆ 10 ಎಚ್‌ಪಿವರೆಗೆ ಕರೆಂಟೂ ಉಚಿತ. ಅದೇ ಹೊಲದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಬಗ್ಗಿ ಕಳೆ ಕೀಳುವ ಹೆಂಗಸಿನ ಹೆಸರು ಇವುಗಳಲ್ಲಿ ಯಾವ ಪಟ್ಟಿಯಲ್ಲೂ ಇರಲ್ಲ. ಸರ್ಕಾರದ ಲೆಕ್ಕದಲ್ಲಿ ರೈತ ಅಂದರೆ ಪಹಣಿ ಇರುವವನು. ಮಳೆ ಹೋದರೆ ನನಗೆ ಬೆಳೆ ಹೋಯಿತು ಅಂತ ಬರೆದುಕೊಳ್ಳುತ್ತಾರೆ. ಆಕೆಗೆ ಕೂಲಿ ಹೋಗಿದ್ದನ್ನು ಯಾರೂ ಬರೆದುಕೊಳ್ಳಲ್ಲ.

ಪಹಣಿ ಇಲ್ಲದವರು ಯಾರು ಅಂತ ಕೇಳಿದರೆ ಊರಿನ ಯಾವ ಕೇರಿ ಅಂತಲೂ ಹೇಳಬೇಕಾಗುತ್ತದೆ. 2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಶೇ 30ರಷ್ಟಿದ್ದಾರೆ. ಕರ್ನಾಟಕದಲ್ಲೇ ಅತಿ ಜಾಸ್ತಿ ಪ್ರಮಾಣ ಅದು. ಸರ್ಕಾರ ಕೊಟ್ಟ ಜಮೀನು ಅವರ ಕೈತಪ್ಪಿ ಹೋಗಬಾರದು ಅಂತ 1978ರಲ್ಲೇ ಪಿಟಿಸಿಎಲ್ ಕಾಯ್ದೆ ಬಂತು. ಆದರೂ ಎಷ್ಟೋ ಜಮೀನು ಮದುವೆಗೆ, ಆಸ್ಪತ್ರೆಗೆ ಅಂತ ಕೈ ಬದಲಾಯಿತು. ವಾಪಸ್ ಕೇಳಲು ಹೋದವರಿಗೆ 'ತಡವಾಯಿತು' ಅನ್ನೋ ಉತ್ತರ ಸಿಗುತ್ತಿತ್ತು. ಕಾಲಮಿತಿಯ ಆ ಅಡ್ಡಿ ತೆಗೆಯೋಕೆ 2023ರಲ್ಲಿ ಮತ್ತೆ ತಿದ್ದುಪಡಿ ಮಾಡಬೇಕಾಯಿತು. ಇದನ್ನೆಲ್ಲ ಬಿಟ್ಟು ಬರೀ ಮಣ್ಣು, ನೀರು, ಮರ ಅಂತ ಮಾತಾಡುವ ಪರಿಸರ ಸಭೆಗಳು ನನಗೆ ಒಗ್ಗಲ್ಲ.

ಪಾವಗಡದ ಸೋಲಾರ್ ಪಾರ್ಕನ್ನೇ ತೆಗೆದುಕೊಳ್ಳಿ. ಅದನ್ನು ಬೈಯುವುದು ಸುಲಭ, ಹೊಗಳುವುದೂ ಸುಲಭ. ಎರಡನ್ನೂ ಬಿಟ್ಟು ಲೆಕ್ಕ ನೋಡೋಣ. ತುಮಕೂರು ಜಿಲ್ಲೆಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಐದು ಊರುಗಳ ಸುತ್ತ ಸುಮಾರು 13,000 ಎಕರೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಗಿ, 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿ ಆಯಿತು. ಇದರಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ, ಅದನ್ನು ಒಪ್ಪಲೇಬೇಕು. ರೈತರ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, 28 ವರ್ಷ. ಬರ ಬಿಟ್ಟು ಬೇರೇನೂ ಕಾಣದ ತಾಲ್ಲೂಕು ಅದು. ಕಡಲೆಕಾಯಿ ಹಾಕಿ, ಮಳೆ ಕೈಕೊಟ್ಟು, ಹಾಕಿದ ಬೀಜದ ದುಡ್ಡೂ ಬರದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಮನೆಗಳಿಗೆ ವರ್ಷವರ್ಷವೂ ಬ್ಯಾಂಕಿಗೆ ಬರುವ ಹಣ ಸಣ್ಣದಲ್ಲ. ನಾನು ಅಲ್ಲಿ ಹುಟ್ಟಿದ್ದರೆ ನಾನೂ ಸಹಿ ಹಾಕುತ್ತಿದ್ದೆ.

ಆದರೆ ಆ ಕಡಲೆಕಾಯಿ ಗಿಡ ಕೀಳುತ್ತಿದ್ದವರು, ಕಾಯಿ ಬಿಡಿಸುತ್ತಿದ್ದವರು? ಬೇರೆಯವರ ಹೊಲವನ್ನು ಕೋರಿಗೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಮಾಡುತ್ತಿದ್ದವರು? ಕುಯಿಲಾದ ಮೇಲೆ ಬಯಲಲ್ಲಿ ಕುರಿ ಮೇಯಿಸುತ್ತಿದ್ದವರು? ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಹೋಗುತ್ತದೆ. ಇವರಿಗೆ ಸಿಕ್ಕಿದ್ದು ತಂತಿ ಬೇಲಿ. ಪ್ಯಾನಲ್ ಒರೆಸುವುದು, ಹುಲ್ಲು ಕತ್ತರಿಸುವುದು, ಗೇಟಲ್ಲಿ ಸೆಕ್ಯೂರಿಟಿ ಹೀಗೆ ಕೆಲವು ಕೆಲಸ ಇವೆ, ಆದರೆ ಅಷ್ಟು ದೊಡ್ಡ ಬಯಲು ಕೊಡುತ್ತಿದ್ದ ಕೂಲಿ ದಿನಗಳಿಗೆ ಅದು ಎಲ್ಲಿ ಸಮ? ಸೋಲಾರ್ ಬೇಡ ಅಂತ ನಾನು ಹೇಳುತ್ತಿಲ್ಲ. ಕಲ್ಲಿದ್ದಲು ಸುಟ್ಟರೆ ಕೊನೆಗೆ ಬಿಸಿಲಲ್ಲಿ ಬೇಯುವವರೂ ಇದೇ ಕೂಲಿಯವರೇ.

ಸುಮ್ನೆ ಒಂದು ಲೆಕ್ಕ ಹಾಕಿದೆ. ನಮ್ಮ ಬಿಸಿಲಲ್ಲಿ ಒಂದು ಮೆಗಾವ್ಯಾಟ್ ಸೋಲಾರ್ ವರ್ಷಕ್ಕೆ ಕಡಿಮೆ ಅಂದರೂ 15 ಲಕ್ಷ ಯೂನಿಟ್ ಕೊಡುತ್ತದೆ ಅಂತ ಹಿಡಿಯಿರಿ. 2,050 ಮೆಗಾವ್ಯಾಟ್‌ಗೆ 307 ಕೋಟಿ ಯೂನಿಟ್ ಆಯಿತು. ಯೂನಿಟ್‌ಗೆ ಬರೀ 5 ಪೈಸೆ ತೆಗೆದಿಟ್ಟರೆ ವರ್ಷಕ್ಕೆ ಸುಮಾರು 15 ಕೋಟಿ ರೂಪಾಯಿ! 13,000 ಎಕರೆಯನ್ನೂ 21,000ಕ್ಕೆ ಗುಣಿಸಿದರೆ ಗುತ್ತಿಗೆಯ ಒಟ್ಟು ಹಣ 27 ಕೋಟಿ ಚಿಲ್ಲರೆ. ಅಂದರೆ ಜಮೀನಿದ್ದವರಿಗೆ ಹೋಗುವ ಹಣದ ಅರ್ಧಕ್ಕಿಂತ ಜಾಸ್ತಿ ಮೊತ್ತವನ್ನು ಐದೂರಿನ ಜಮೀನಿಲ್ಲದ ಮನೆಗಳಿಗೆ ಕೊಡಬಹುದಿತ್ತು, ಕರೆಂಟ್ ಬಿಲ್ ಕಟ್ಟುವವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಪಾರ್ಕನ್ನು ಇನ್ನೂ ದೊಡ್ಡದು ಮಾಡುವ ಮಾತು ಕೇಳಿಬರುತ್ತಿದೆಯಲ್ಲ, ಈ ಸಲ ಗುತ್ತಿಗೆ ಪತ್ರ ಬರೆಯುವ ಮೊದಲೇ ಈ 5 ಪೈಸೆಯ ಮಾತು ಆಗಬೇಕು. ಆಮೇಲೆ ಕೊಡುತ್ತೇವೆ ಅನ್ನುವುದನ್ನು ನಾನು ನಂಬಲ್ಲ. ಕಾಗದದಲ್ಲಿ ಇಲ್ಲದ ಪಾಲು ಕೈಗೂ ಬರಲ್ಲ.

ಪಾಲು ಮೊದಲೇ ಬರೆದಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ತುಮಕೂರಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಬ್ಬ ರೈತರ ತೋಟದಲ್ಲಿ ಅವರ ತಂದೆ ನೆಟ್ಟ ಹಲಸಿನ ಮರ. ತೊಳೆ ತಾಮ್ರದ ಬಣ್ಣದ ಕೆಂಪು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಆ ಮರವನ್ನು ಗುರುತಿಸಿ, 'ಸಿದ್ದು' ಅಂತ ಹೆಸರಿಟ್ಟು, ಕಸಿ ಗಿಡ ಮಾಡಿ ಮಾರಲು 2017ರಲ್ಲಿ ಒಪ್ಪಂದ ಮಾಡಿಕೊಂಡಿತು. ಗಿಡ ಮಾರಿ ಬರುವ ಹಣದಲ್ಲಿ ಶೇ 75 ರೈತರಿಗೆ. ಸಂಸ್ಥೆ ತಳಿಯನ್ನು ತನ್ನದು ಅಂತ ಹೊತ್ತೊಯ್ಯಲಿಲ್ಲ. ಮರ ಕಾಪಾಡಿದವರಿಗೆ ದೊಡ್ಡ ಪಾಲು, ಅದೂ ಶುರುವಿನಲ್ಲೇ ಬರವಣಿಗೆಯಲ್ಲಿ. (ಅವರಿಗೂ ಪಹಣಿ ಇದೆಯಲ್ಲ ಅಂತೀರಾ? ನಿಜ, ಇದೆ. ಆದರೆ ರೀತಿ ನೋಡಿ.)

ನೀರಿನದು ಇನ್ನೂ ವಿಚಿತ್ರ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲ ಸಲ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಪೂಜೆ ಮಾಡಿದ್ದರು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುವ ಯೋಜನೆ, ದಿನಕ್ಕೆ 44 ಕೋಟಿ ಲೀಟರ್ ಗುರಿ. ನಮ್ಮ ಚಿಕ್ಕಬಳ್ಳಾಪುರ ಕಡೆಗೆ ಹೆಬ್ಬಾಳ-ನಾಗವಾರ ವ್ಯಾಲಿದು 21 ಕೋಟಿ ಲೀಟರ್. ಕೋಲಾರದಲ್ಲಿ ಮುಂದಿನ ತಿಂಗಳೇ ನೊರೆ ಎದ್ದು ವಿಷಯ ಕೋರ್ಟಿಗೆ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಟದವರು ಇವತ್ತಿಗೂ ಕೇಳುತ್ತಿದ್ದಾರೆ, ಸರಿಯಾಗೇ ಕೇಳುತ್ತಿದ್ದಾರೆ. ಸೊಪ್ಪು, ತರಕಾರಿ, ಹಾಲು ಇಲ್ಲಿಂದ ಬೆಂಗಳೂರಿಗೆ, ಅವರು ಬಳಸಿದ ನೀರು ಇಲ್ಲಿಗೆ. ಪೂರ್ತಿ ಶುದ್ಧ ಮಾಡಿ ಕಳಿಸಿ ಅಂದರೆ ಖರ್ಚು ಜಾಸ್ತಿ ಅಂತಾರೆ. ಯಾರ ಖರ್ಚು?

ನನ್ನ ಪ್ರಶ್ನೆ ಅದಕ್ಕಿಂತ ಸ್ವಲ್ಪ ಬೇರೆ. ಈ ಕೆರೆಗಳಿಂದ ನೇರವಾಗಿ ನೀರೆತ್ತುವ ಹಾಗಿಲ್ಲ. ಭೂಮಿಗೆ ಇಂಗಬೇಕು, ಬೋರ್‌ವೆಲ್‌ನಲ್ಲಿ ಮೇಲೆ ಬರಬೇಕು. ನಿಯಮ ಸರಿಯಾಗೇ ಇದೆ, ಶುದ್ಧತೆ ದೃಷ್ಟಿಯಿಂದಲೂ. ಬತ್ತಿದ ಬೋರ್‌ಗಳಲ್ಲಿ ನೀರು ಬಂದಿದ್ದೂ ನಿಜ. ಆದರೆ ಸಾರ್ವಜನಿಕ ದುಡ್ಡಲ್ಲಿ, ಸಾವಿರ ಕೋಟಿಗೂ ಮೀರಿದ ಖರ್ಚಲ್ಲಿ ಬಂದ ನೀರು ಕೊನೆಗೆ ಯಾರದ್ದಾಗುತ್ತದೆ? ಬೋರ್ ಇದ್ದವರದ್ದು. ಬೋರ್ ಯಾರಿಗಿದೆ? ಜಮೀನಿದ್ದು, ಸಾವಿರ ಅಡಿ ಕೊರೆಸಿ, ಫೇಲಾದರೆ ಇನ್ನೊಂದು ಕೊರೆಸುವ ತಾಕತ್ತಿದ್ದವರಿಗೆ. ಆ ನೀರನ್ನು ಮೇಲೆತ್ತುವ ಕರೆಂಟಿಗೂ ದುಡ್ಡಿಲ್ಲ. ಕೇರಿಯವರು ಮಾತ್ರ ಫ್ಲೋರೈಡ್ ನೀರಿಗೆ ಹೆದರಿ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು, ಕಾಯಿನ್ನು ಹಿಡಿದು ನಿಲ್ಲುತ್ತಾರೆ. ಅಂದರೆ ಟೊಮೇಟೊಗೆ ಹೋಗುವ ನೀರು ಉಚಿತ, ಕುಡಿಯುವ ನೀರಿಗೆ ದುಡ್ಡು.

ಹಾಗಂತ ಹಿಂದಿನ ಕಾಲ ಚೆನ್ನಾಗಿತ್ತು ಅನ್ನೋ ಗುಂಪಿನಲ್ಲಿ ನನ್ನನ್ನು ಸೇರಿಸಬೇಡಿ. ಕೆರೆಗೆ ನೀರುಗಂಟಿ ಇದ್ದ, ತೂಬು ಎತ್ತಿ ಕೊನೆಯ ಗದ್ದೆವರೆಗೂ ನೀರು ಮುಟ್ಟಿಸುತ್ತಿದ್ದ, ಸುಗ್ಗಿಯಲ್ಲಿ ಕಣದಿಂದ ಅವನಿಗೆ ಕಾಳಿನ ಪಾಲು ಹೋಗುತ್ತಿತ್ತು, ಎಲ್ಲ ಸರಿ. ಆದರೆ ಎಷ್ಟೋ ಕಡೆ ಆ ನೀರುಗಂಟಿ ದಲಿತ. ಕೆರೆಗೆ ಇಳಿದು ತೂಬು ಎತ್ತೋಕೆ ಅವನೇ ಬೇಕಿತ್ತು. ಮೇಲ್ಕೇರಿ ಬಾವಿಯ ಹತ್ತಿರ ಬರೋಕೆ ಮಾತ್ರ ಬಿಡುತ್ತಿರಲಿಲ್ಲ. ಅಂಥ ವ್ಯವಸ್ಥೆಯನ್ನು ಇದ್ದ ಹಾಗೇ ವಾಪಸ್ ತನ್ನಿ ಅಂತ ಯಾರಾದರೂ ಹೇಳಿದರೆ ನಾನಂತೂ ಎದ್ದು ಬರುತ್ತೇನೆ. ಹೂಳು, ಕೋಡಿ, ರಾಜಕಾಲುವೆ ಬಗ್ಗೆ ಅವರಿಗಿದ್ದ ತಿಳಿವಳಿಕೆ ನಮಗೆ ಬೇಕು. ಯಾರು ಎಲ್ಲಿ ನಿಲ್ಲಬೇಕು ಅನ್ನೋ ಅವರ ಕಾನೂನು ಬೇಡ.

ಟೊಮೇಟೊ ಬಗ್ಗೆ ಎರಡೇ ಮಾತು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು, ದೇಶವೆಲ್ಲ ಮಾತಾಡಿತು. ಬಾಡಿಗೆಯೂ ಹುಟ್ಟದೆ ರಸ್ತೆಗೆ ಸುರಿದ ವರ್ಷಗಳೂ ಇವೆ. ಎರಡೂ ವರ್ಷ ಹಣ್ಣು ಬಿಡಿಸಿದವರ ದಿನಗೂಲಿ ಹೆಚ್ಚುಕಮ್ಮಿ ಒಂದೇ. ಇಲ್ಲ, ರೇಟು ಬಿದ್ದ ವರ್ಷ ಒಂದು ವ್ಯತ್ಯಾಸ ಇರುತ್ತದೆ: ಹಣ್ಣು ಬಿಡಿಸೋದನ್ನೇ ನಿಲ್ಲಿಸುತ್ತಾರೆ, ಕೂಲಿಯೇ ಇರಲ್ಲ.

ಸಾವಯವದವರಿಗೂ ಇದೇ ಪ್ರಶ್ನೆ. ಬೆಂಗಳೂರಿನ ಅಂಗಡಿಯಲ್ಲಿ ಸಾವಯವ ರಾಗಿಗೆ ಎಷ್ಟು ಹಾಕಿರುತ್ತಾರೆ ಅಂತ ನೀವೂ ನೋಡಿರುತ್ತೀರಿ. ಸರ್ಟಿಫಿಕೇಟ್ ಜಮೀನಿನ ಮಾಲೀಕನ ಹೆಸರಲ್ಲಿ. ಕಳೆನಾಶಕ ಹೊಡೆಯದೆ ಕೈಯಲ್ಲಿ ಕಳೆ ಕಿತ್ತವರಿಗೆ ಊರಿನ ರೇಟೇ. ವಿಷ ಇಲ್ಲದ ಊಟ ಅಂತ ಗ್ರಾಹಕರು ಜಾಸ್ತಿ ದುಡ್ಡು ಕೊಡುತ್ತಾರಲ್ಲ, ಆ ವಿಷ ಇಲ್ಲದಿರೋದು ಯಾರ ಸೊಂಟದ ನೋವಿನಿಂದ ಅಂತ ಚೀಲದ ಮೇಲೆ ಬರೆದಿರಲ್ಲ.

ಆದರೂ ಕೈಯಲ್ಲಿ ಕಳೆ ಕೀಳುವ ಹೊಲ, ಕಳೆನಾಶಕದ ಹೊಲಕ್ಕಿಂತ ಎಷ್ಟೋ ವಾಸಿ. ಇದನ್ನು ನನಗೆ ತಿಳಿಸಿದ್ದು ನಮ್ಮ ಹೊಲಕ್ಕೆ ಬರುವ ಒಬ್ಬರು ಅಕ್ಕ. ನಮ್ಮ ಕಡೆ ಬೆರಕೆ ಸೊಪ್ಪಿನ ಸಾರು ಗೊತ್ತಲ್ವಾ? ಅಣ್ಣೆ, ಹೊನಗೊನೆ, ಗೋಣಿ, ಕನ್ನೆ, ಇನ್ನೂ ಹೆಸರೂ ಗೊತ್ತಿಲ್ಲದ ಹತ್ತಾರು ಸೊಪ್ಪು. ಯಾರೂ ಬಿತ್ತಿದ್ದಲ್ಲ. ಮಳೆ ಬಿದ್ದ ಮೇಲೆ ಬದುವಿನ ಮೇಲೆ, ರಾಗಿ ಸಾಲಿನ ನಡುವೆ ತಾನೇ ಬರುತ್ತದೆ. ಕಳೆ ಕಿತ್ತು ಮನೆಗೆ ಹೋಗುವಾಗ ಹೆಂಗಸರ ಮಡಿಲಲ್ಲಿ ಆ ಸೊಪ್ಪಿರುತ್ತದೆ. ರಾತ್ರಿ ಮುದ್ದೆಗೆ ಅದೇ ಸಾರು. ಪಕ್ಕದ ಹೊಲದವರು ಕಳೆನಾಶಕಕ್ಕೆ ಬದಲಾದ ವರ್ಷ ಆ ಅಕ್ಕ ಹೇಳಿದ್ದು ಇಷ್ಟೇ: "ನೋಡಪ್ಪಾ, ಕೂಲೀನೂ ಹೋಯ್ತು, ಸಾರೂ ಹೋಯ್ತು." ಒಂದು ಡಬ್ಬ ಔಷಧಿಯಲ್ಲಿ ಎರಡೂ. ಆ ಸೊಪ್ಪನ್ನು ಈಗ ದುಡ್ಡು ಕೊಟ್ಟು ತರಬೇಕು, ಅಥವಾ ಬಿಡಬೇಕು. ಬಿಡುತ್ತಾರೆ.

ಅಕ್ಕಡಿ ಬೆಳೆಯ ಬಗ್ಗೆ ನನಗೆ ಇಷ್ಟು ಮಮತೆ ಇರೋದಕ್ಕೆ ಇದೂ ಕಾರಣ. ರಾಗಿ ನಡುವೆ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಂಚಿಗೆ ಸಾಸಿವೆ. ಮಳೆ ಬೇಗ ನಿಂತರೆ ಒಂದು ಕೈಕೊಡುತ್ತದೆ, ಇನ್ನೊಂದು ಉಳಿಯುತ್ತದೆ. ಅವರೆ, ತೊಗರಿಯ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ. ಇವೆಲ್ಲ ಕೃಷಿ ಇಲಾಖೆಯವರೂ ಹೇಳುತ್ತಾರೆ. ಅವರು ಹೇಳದ ಮಾತು ಏನಂದರೆ, ಅಕ್ಕಡಿ ಹೊಲದಲ್ಲಿ ಕೂಲಿ ಒಂದೇ ವಾರಕ್ಕೆ ಮುಗಿಯಲ್ಲ. ಹುಚ್ಚೆಳ್ಳು ಒಂದು ಸಲ, ರಾಗಿ ಒಂದು ಸಲ, ಅವರೆಕಾಯಿ ಚಳಿಗಾಲದಲ್ಲಿ ಬಿಡಿಸಿದಷ್ಟೂ, ತೊಗರಿ ಕೊನೆಗೆ. ಕೆಲಸ ತಿಂಗಳುಗಟ್ಟಲೆ ಹಂಚಿಕೊಂಡು ಇರುತ್ತದೆ. ಕೂಲಿಗೆ ಬಂದವರಿಗೆ ದುಡ್ಡಿನ ಜೊತೆ ಒಂದಿಷ್ಟು ಕಾಯಿ, ಕಾಳು ಕೊಡುವ ರೂಢಿಯೂ ನಮ್ಮ ಕಡೆ ಪೂರ್ತಿ ಸತ್ತಿಲ್ಲ. ಮಷಿನ್ ಕುಯಿಲಿಗೆ ಇದು ಒಗ್ಗಲ್ಲ ಅನ್ನೋದೇ ಇದರ ಮೇಲಿರುವ ದೂರು. ನನ್ನ ಕೇಳಿದರೆ ಅದೇ ಇದರ ಗುಣ, ಆದರೆ ಕೂಲಿಯನ್ನು ನ್ಯಾಯವಾಗಿ ಕೊಟ್ಟರೆ ಮಾತ್ರ. 2024–25ರಲ್ಲಿ ನರೇಗಾ ಕೂಲಿ 349 ರೂಪಾಯಿ ಇತ್ತು, ಗಂಡಸರಿಗೂ ಹೆಂಗಸರಿಗೂ ಒಂದೇ. ಹೊಲದಲ್ಲಿ ಹೆಂಗಸರಿಗೆ ಅಷ್ಟೂ ಕೊಡದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಸಾವಯವದವರೂ ಸೇರಿ.

ನಮ್ಮೂರಲ್ಲಿ ಒಂದು ಸಣ್ಣ ಪ್ರಯತ್ನ ನಡೆದಿದೆ. ಬೆಂಗಳೂರು ಸೇರಿದವರೊಬ್ಬರ ಹೊಲ ವರ್ಷಗಟ್ಟಲೆ ಬೀಳು ಬಿದ್ದಿತ್ತು. ಸ್ವಸಹಾಯ ಸಂಘದ ಕೆಲವು ಹೆಂಗಸರು ಸೇರಿ ಅದನ್ನು ಕೇಳಿ ತೆಗೆದುಕೊಂಡು ರಾಗಿ ಅಕ್ಕಡಿ ಹಾಕಿದರು. ಕೇರಳದಲ್ಲಿ 1998ರಲ್ಲಿ ಶುರುವಾದ ಕುಟುಂಬಶ್ರೀಯ ಗುಂಪುಗಳು ಇದನ್ನು ದೊಡ್ಡ ಮಟ್ಟದಲ್ಲಿ ಮಾಡುತ್ತಿವೆ, ಹೆಂಗಸರು ಒಟ್ಟಾಗಿ ಬೀಳು ಜಮೀನು ಗುತ್ತಿಗೆ ಹಿಡಿದು ಭತ್ತ, ಬಾಳೆ, ತರಕಾರಿ ಬೆಳೆಯುತ್ತಾರೆ. ನಮ್ಮಲ್ಲಿ ತೊಡಕು ಬೇರೆ ಇದೆ. 1974ರ ಭೂಸುಧಾರಣೆ ಗೇಣಿಯನ್ನೇ ರದ್ದು ಮಾಡಿತು. ಅದು ಆವತ್ತಿಗೆ ದೊಡ್ಡ ಕೆಲಸ, ಎಷ್ಟೋ ಗೇಣಿದಾರರು ಅದರಿಂದ ಒಡೆಯರಾದರು. ಆದರೆ ಇವತ್ತು ಜಮೀನಿಲ್ಲದವರು ಕೋರಿಗೆ ಮಾಡಿದರೆ ಅದು ಬರೀ ಬಾಯಿಮಾತು. ಬರವಣಿಗೆ ಇಲ್ಲ. 2020ರಲ್ಲಿ ಕಾಯ್ದೆ ತಿದ್ದಿ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿದರು. ಸೋಲಾರ್ ಪಾರ್ಕಿಗೆ 28 ವರ್ಷ ಗುತ್ತಿಗೆ ಕೊಡೋಕೆ ದಾರಿ ಇದೆ. ಊರಿನ ಹೆಂಗಸರಿಗೆ ಮೂರು ವರ್ಷ ಉಳುಮೆಗೆ ಅಂತ ಬರೆದುಕೊಡೋಕೆ ದಾರಿ ಇಲ್ಲ. ಇದು ಯಾವ ನ್ಯಾಯ ಹೇಳಿ?

ಹಾಗಾಗಿ ನಮ್ಮವರು ನೋಟ್‌ಬುಕ್ಕಲ್ಲಿ ಬರೆದುಕೊಂಡು, ಇಬ್ಬರು ಸಾಕ್ಷಿ ಹಾಕಿಸಿಕೊಂಡು ಶುರು ಮಾಡಿದರು. ರಾಗಿ ಪರವಾಗಿಲ್ಲ ಅನ್ನೋ ಹಾಗೆ ಬಂತು, ತೊಗರಿ ಹೋಯಿತು. ಮಾರೋ ಹೊತ್ತಿಗೆ ಹಳೆಯ ಕಥೆ. ಬೆಂಬಲ ಬೆಲೆ ಸಿಗಬೇಕು ಅಂದರೆ ಖರೀದಿ ಕೇಂದ್ರಕ್ಕೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಬೇಕು, ಅದಕ್ಕೆ ಪಹಣಿ ಬೇಕು. 2024–25ಕ್ಕೆ ಕ್ವಿಂಟಲ್‌ಗೆ 4,290 ಇದ್ದದ್ದು 2025–26ಕ್ಕೆ 4,886 ಆಗಿದೆ, ಸಂತೋಷ. ಆದರೆ ಬೆಳೆದವರು ಇವರು, ದುಡ್ಡು ಬೀಳೋದು ಮಾಲೀಕರ ಖಾತೆಗೆ. ಅವರು ಒಳ್ಳೆಯವರು, ಪೂರ್ತಿ ತೆಗೆದುಕೊಟ್ಟರು. ಇನ್ನೊಬ್ಬರ ಒಳ್ಳೆಯತನದ ಮೇಲೆ ಎಷ್ಟು ವರ್ಷ ಬೇಸಾಯ ಮಾಡೋಕಾಗುತ್ತೆ? ಬೆಳೆದವರ ಹೆಸರಲ್ಲಿ ಒಂದು ಸಾಗುವಳಿ ಚೀಟಿ, ಮಾಲೀಕತ್ವಕ್ಕೆ ಧಕ್ಕೆ ಬರಲ್ಲ ಅನ್ನೋ ಒಂದು ಸಾಲಿನ ಜೊತೆಗೆ, ಪಂಚಾಯಿತಿಯೇ ಕೊಡುವ ಹಾಗಾದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಮಾಲೀಕರು ಕೊಡೋಕೆ ಹೆದರುವುದೂ ಅದಕ್ಕೇ, ಎಲ್ಲಿ ನಾಳೆ ಜಮೀನೇ ಹೋಗುತ್ತೋ ಅಂತ.

ಜಮೀನಿಲ್ಲದವರೂ ಸಮನಾಗಿ ನಿಲ್ಲಬಹುದಾದ ಜಾಗ ನಮ್ಮ ಊರುಗಳಲ್ಲಿ ಒಂದಿದೆ, ಅದು ಹಾಲಿನ ಡೇರಿ. ಒಂದು ಹಸು ಇದ್ದು ಹಾಲು ಹಾಕಿದರೆ ನೀವೂ ಸದಸ್ಯರು, ನಿಮಗೂ ಒಂದು ಓಟು, ಹತ್ತು ಹಸು ಇರುವವರಿಗೂ ಒಂದೇ ಓಟು. ಲೀಟರ್‌ಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಪಹಣಿ ಕೇಳಲ್ಲ. ಡೇರಿ ರಾಜಕೀಯ ಎಂಥದ್ದು ಅಂತ ನನಗೂ ಗೊತ್ತು, ಆ ಮಾತು ಇನ್ನೊಂದು ದಿನಕ್ಕೆ ಇರಲಿ. ಬಾಗೇಪಲ್ಲಿ ಕಡೆ ಕೂಲಿ ಸಂಘದ ಮನೆಗಳಲ್ಲಿ ಹಸುವಿನಿಂದ ಇನ್ನೊಂದು ಕೆಲಸವೂ ಆಯಿತು. 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟುವ ಯೋಜನೆ 2005ರಲ್ಲೇ ವಿಶ್ವಸಂಸ್ಥೆಯ ಕಾರ್ಬನ್ ಯೋಜನೆಯಡಿ ನೋಂದಣಿ ಆಗಿತ್ತು. ಕಾರ್ಬನ್ ಕ್ರೆಡಿಟ್ ಬಗ್ಗೆ ನನಗೆ ಅನುಮಾನ ಜಾಸ್ತಿ. ದೂರದ ಕಂಪನಿ ಹೊಗೆ ಬಿಡುತ್ತಾ ಇರಲಿ, ಇಲ್ಲಿ ಯಾರೋ ಕಡಿಮೆ ಸೌದೆ ಉರಿಸಲಿ ಅನ್ನೋ ಲೆಕ್ಕ ಅದು. ಆದರೂ ಸೌದೆ ಹೊರೋದು ತಪ್ಪಿತು, ಅಡುಗೆಮನೆಯ ಹೊಗೆ ತಪ್ಪಿತು, ಅದೂ ಬಡವರ ಮನೆಯಿಂದ ಶುರುವಾಯಿತು.

ಆದರೆ ಜಮೀನಿಲ್ಲದವರ ಹಸುವಿಗೆ ಹುಲ್ಲು ಎಲ್ಲಿಂದ? ಗೋಮಾಳದಿಂದ, ಕೆರೆ ಅಂಗಳದಿಂದ, ಊರೊಟ್ಟಿನ ಮರಗಳಿರುವ ಗುಂಡುತೋಪಿನಿಂದ. ಕಂದಾಯ ನಿಯಮದಲ್ಲಿ 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು ಅಂತ ಇದೆ. ನಿಮ್ಮೂರಲ್ಲಿ ಎಷ್ಟಿದೆ ಅಂತ ಒಂದು ಸಲ ಸರ್ವೆ ನಕ್ಷೆ ತೆಗೆಸಿ ನೋಡಿ, ನಗು ಬರುತ್ತದೆ. ಒಂದಿಷ್ಟು ಒತ್ತುವರಿ, ಒಂದಿಷ್ಟು ಲೇಔಟು, ಒಂದಿಷ್ಟು ಯಾವುದೋ ಇಲಾಖೆಗೆ, ಉಳಿದಿದ್ದು ನೀಲಗಿರಿ. ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿ ಅಂತ 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತ್ತು. ಅದಾದ ಮೇಲೂ ನಮ್ಮಲ್ಲಿ ಮೊದಲು ತೆರವಾಗುವುದು ಬಡವರ ಗುಡಿಸಲು, ಗ್ರಾನೈಟ್ ಕಾಂಪೌಂಡ್ ಅಲ್ಲ.

ನೀಲಗಿರಿ ಅಂದಾಗ 1983 ನೆನಪಾಗಬೇಕು. ವಿಶ್ವಬ್ಯಾಂಕ್ ಸಾಲದಲ್ಲಿ ಸಾಮಾಜಿಕ ಅರಣ್ಯ ಅಂತ ಶುರುವಾದ ವರ್ಷ ಅದು. ಅದೇ ವರ್ಷ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡೋಕೆ 2017 ಬರಬೇಕಾಯಿತು. ಇನ್ನೊಂದು ತಮಾಷೆ, 2002ರಲ್ಲಿ ನಮ್ಮ ಕೆರೆಗಳನ್ನು ಸರಿ ಮಾಡೋಕೆ ಅಂತ ಸಾಲ ಕೊಟ್ಟಿದ್ದೂ ಅದೇ ವಿಶ್ವಬ್ಯಾಂಕು. ನೀಲಗಿರಿಗೂ ಸಾಲ, ಬತ್ತಿದ ಕೆರೆಗೂ ಸಾಲ. ತೀರಿಸೋರು ನಾವು.

ಆ ರೈತರು ಬಿತ್ತಿದ್ದು ಹುಣಸೆ ಅನ್ನೋದು ನನಗೆ ತುಂಬಾ ಇಷ್ಟ, ಯಾಕಂದರೆ ಈಗ ನಾವು ಹಿಡಿದುಕೊಂಡಿರೋದೂ ಹುಣಸೆ ವಿಷಯವೇ. ನಮ್ಮೂರ ಗುಂಡುತೋಪು, ಕೆರೆ ಏರಿ ಎರಡರಲ್ಲೂ ಹಳೇ ಹುಣಸೆ ಮರಗಳಿವೆ. ನೀರು ಕೇಳಲ್ಲ, ಗೊಬ್ಬರ ಕೇಳಲ್ಲ. ಫಸಲನ್ನು ಪಂಚಾಯಿತಿ ಪ್ರತಿ ವರ್ಷ ಹರಾಜು ಹಾಕುತ್ತದೆ. ಕೂಗುವವರು ಹೊರಗಿನ ಒಬ್ಬಿಬ್ಬರು, ಅವರೊಳಗೇ ಮಾತಾಗಿರುತ್ತದೆ, ಮೊತ್ತ ಹೆಚ್ಚೇನೂ ಏರಲ್ಲ. ಹಣ್ಣು ಉದುರಿಸಿದ ಮೇಲೆ ಓಡು ತೆಗೆದು, ಕುಟ್ಟಿ, ನಾರು ಬೀಜ ಬಿಡಿಸೋದು ಕೇರಿಯ ಹೆಂಗಸರು, ಕೆ.ಜಿ. ಲೆಕ್ಕದ ಕೂಲಿಗೆ. ಮರ ಊರಿನದು, ಕೆಲಸ ಅವರದು, ಲಾಭ ಚೀಲ ಹೊಲಿದು ಲಾರಿಗೆ ಹಾಕಿದವರದು. ಇದನ್ನು ಹರಾಜಿಗೆ ಹಾಕದೆ, ಮೂರು ವರ್ಷಕ್ಕೆ ಒಂದು ಮೊತ್ತ ಗೊತ್ತು ಮಾಡಿ ಜಮೀನಿಲ್ಲದ ಹೆಂಗಸರ ಸಂಘಕ್ಕೇ ಕೊಡಿ, ಬದಲಿಗೆ ಅವರು ಪ್ರತಿ ವರ್ಷ ಹೊಸ ಹುಣಸೆ, ಹೊಂಗೆ ಗಿಡ ನೆಟ್ಟು ಉಳಿಸಬೇಕು ಅಂತ ಹೋದ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟಿದ್ದೇವೆ.

ವಿರೋಧ ಬಂದಿದೆ, ಬರಲೇಬೇಕು. ಹರಾಜು ಬಿಟ್ಟರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತೆ ಅಂತ ಪಂಚಾಯಿತಿಯವರು. 'ಅವರಿಗೆ ವ್ಯಾಪಾರ ಏನು ಗೊತ್ತು' ಅಂತ ಊರಿನ ಕೆಲವರು, ಹುಣಸೆ ತೂಕದಲ್ಲಿ ಎಲ್ಲೆಲ್ಲಿ ಮೋಸ ಆಗುತ್ತೆ ಅಂತ ಆ ಹೆಂಗಸರಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲದಿದ್ದರೂ. ಸಂಘದೊಳಗೂ ಜಗಳ ಇದೆ. ಮುಂಗಡ ಕಟ್ಟೋಕೆ ದುಡ್ಡು ಎಲ್ಲಿಂದ, ಮರ ಹತ್ತಿ ಬಡಿಯೋರು ಬಿದ್ದರೆ ಯಾರು ನೋಡಿಕೊಳ್ಳೋದು, ಹಣ್ಣನ್ನು ಸುಗ್ಗಿಯಲ್ಲೇ ಮಾರೋದಾ ಅಥವಾ ಕೋಲ್ಡ್ ಸ್ಟೋರೇಜಿಗೆ ಹಾಕಿ ರೇಟು ಏರುವವರೆಗೆ ಕಾಯೋದಾ. ಕಾಯೋಣ ಅನ್ನೋರು ಕಡಿಮೆ, ಯಾಕಂದರೆ ಮನೆ ಖರ್ಚು ಕಾಯಲ್ಲ. ಅರ್ಧ ಮಾರಿ ಅರ್ಧ ಇಡೋಣ ಅನ್ನೋ ಮಾತಿಗೆ ಸದ್ಯಕ್ಕೆ ನಿಂತಿದೆ.

ನಿಮ್ಮ ಕಡೆ ಯಾವುದಾದರೂ ಪಂಚಾಯಿತಿ ಹುಣಸೆಯನ್ನೋ ಕೆರೆ ಮೀನನ್ನೋ ಹರಾಜಿಲ್ಲದೆ ಸಂಘಕ್ಕೆ ಕೊಟ್ಟಿದ್ದರೆ ಆ ನಡಾವಳಿಯ ಪ್ರತಿ ನನಗೆ ಕಳಿಸಿ. ಆಡಿಟ್ ವಿಷಯ ಎತ್ತಿದವರ ಮುಂದೆ ಇಡೋಕೆ ಬೇಕು. ಹರಾಜಿನ ನೋಟಿಸ್ ಜನವರಿ ಕೊನೆಯಲ್ಲಿ ಅಂಟಿಸುತ್ತಾರೆ, ಅಷ್ಟರೊಳಗೆ ಬಂದರೆ ಅನುಕೂಲ.